ಐದು ಸಾವಿರ ಲಾಲ್‌ಬಾಗ್‌ಗಳಷ್ಟು ತೊಗರಿ

ಕಲಬುರಗಿ ಜಿಲ್ಲೆಯ ಗುಂಡಗುರ್ತಿಯ ಎರೆ ಹೊಲದಲ್ಲಿ ಮೂರು ಅಡಿಗೊಂದು ಸಾಲು, ಸಾಲಿನಲ್ಲಿ ಅಡಿಗೊಂದು ಗಿಡ ಎಂದು ತೊಗರಿ ಬೆಳೆದರೆ ಎಕರೆಗೆ 14,520 ಗಿಡಗಳಾಗುತ್ತವೆ. ಚಿತ್ತಾಪುರ, ಸೇಡಂ, ಚಿಂಚೋಳಿ, ಶಹಾಬಾದ್ ಎಲ್ಲ ಸೇರಿದ ಈ ಜಿಲ್ಲೆಯಲ್ಲಿ ಈಚಿನ ವರ್ಷಗಳಲ್ಲಿ ತೊಗರಿ ಬಿತ್ತನೆ ಐದು ಲಕ್ಷ ಹೆಕ್ಟೇರ್ ದಾಟುತ್ತದೆ. ಕಡಿಮೆಯೆಂದರೂ 12 ಲಕ್ಷ ಎಕರೆ ಎಂದಿಟ್ಟುಕೊಂಡು ಗುಣಿಸಿ ನೋಡಿ: 1,742 ಕೋಟಿ ಗಿಡಗಳು. ಭೂಮಿಯ ಮೇಲಿನ ಪ್ರತಿ ಮನುಷ್ಯನಿಗೆ ಎರಡೆರಡು ಹಂಚಿದರೂ ಮಿಗುತ್ತವೆ. ಅಡಿಗೊಂದರಂತೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಆ ಸಾಲು 53 ಲಕ್ಷ ಕಿಲೋಮೀಟರ್, ಅಂದರೆ ಚಂದ್ರನಿಗೆ ಹತ್ತಿರ ಹತ್ತಿರ ಏಳು ಸಲ ಹೋಗಿಬರುವಷ್ಟು ದೂರ.

ಸಸ್ಯತೋಟ ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಬೆಂಗಳೂರಿನ ಲಾಲ್‌ಬಾಗ್. ಹೈದರಾಲಿ 1760ರಲ್ಲಿ 40 ಎಕರೆಯಲ್ಲಿ ಶುರು ಮಾಡಿದ. ಟಿಪ್ಪು ದೂರದೂರದ ನಾಡುಗಳಿಂದ ಸಸಿ, ಬೀಜ ತರಿಸಿದ. ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಬಂದು ಅದಕ್ಕೆ ಇಂದಿನ ರೂಪ ಕೊಟ್ಟರು. ಈಗ ಅದರ ವಿಸ್ತಾರ 240 ಎಕರೆ. ನಮ್ಮ ತೊಗರಿಯ ತೋಟ ಇಂಥ ಐದು ಸಾವಿರ ಲಾಲ್‌ಬಾಗ್‌ಗಳಷ್ಟು ದೊಡ್ಡದು. ಟಿಕೆಟ್ ಇಲ್ಲ, ಫಲಪುಷ್ಪ ಪ್ರದರ್ಶನವಿಲ್ಲ, ಮಾಲಿಗಳೆಲ್ಲ ರೈತರೇ.

ಒಂದು ಗಿಡವನ್ನು ಹತ್ತಿರದಿಂದ ನೋಡೋಣ. ನೂರು ಕಾಳು ತೂಗಿದರೆ ಸುಮಾರು ಹತ್ತು ಗ್ರಾಂ, ಹಾಗಾಗಿ ಕಿಲೋಗೆ ಹತ್ತು ಸಾವಿರ ಕಾಳು. ಎಕರೆಗೆ ಐದು ಕ್ವಿಂಟಲ್ ರಾಶಿಯಾದರೆ 50 ಲಕ್ಷ ಕಾಳು, ಗಿಡವೊಂದಕ್ಕೆ ಸುಮಾರು 340. ಕಾಯಿಗೆ ಮೂರೋ ನಾಲ್ಕೋ ಕಾಳು ಎಂದರೆ ಗಿಡದಲ್ಲಿ ನೂರು ಕಾಯಿ. ತೊಗರಿ ಮಾತ್ರ ಹೂ ಬಿಡುವುದರಲ್ಲಿ ಧಾರಾಳಿ, ಉಳಿಸಿಕೊಳ್ಳುವುದರಲ್ಲಿ ಜಿಪುಣ: ಬಿಟ್ಟ ಹೂಗಳಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಉದುರಿಹೋಗುತ್ತವೆ. ಆ ಲೆಕ್ಕದಲ್ಲಿ ನೂರು ಕಾಯಿ ಕಟ್ಟಲು ಒಂದು ಗಿಡ ಐನೂರರಿಂದ ಸಾವಿರ ಹೂ ಬಿಟ್ಟಿರಬೇಕು. ಬೇರು ಎರೆ ಮಣ್ಣಿನ ಆಳಕ್ಕಿಳಿದು, ಕೆಳಗೆ ಪರ್ಸಿ ಕಲ್ಲು ಅಡ್ಡ ಬರದಿದ್ದರೆ ಎರಡು ಮೀಟರ್ ತನಕವೂ ಹೋಗುತ್ತದೆ. ಮೇಲೆ ಮಣ್ಣು ಬಿರುಕು ಬಿಟ್ಟಾಗಲೂ ಗಿಡ ಹಸಿರಾಗಿರುವ ಗುಟ್ಟು ಅಲ್ಲಿದೆ.

ಈ ಗಿಡ ಇಲ್ಲಿನದೇ. ಸಾರಿಗೆ ಹಾಕುವ ಮೆಣಸಿನಕಾಯಿ, ಟೊಮೇಟೊ ನಮ್ಮಲ್ಲಿಗೆ ಬಂದು ಐನೂರು ವರ್ಷ ಕೂಡ ಸರಿಯಾಗಿ ಆಗಿಲ್ಲ. ಅಂಥ ವಲಸೆ ಸಸ್ಯಗಳ ಕಥೆಯನ್ನೇ ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕ ಮಾಡಿದರು. ತೊಗರಿಯ ಕಾಳಾದರೋ ಬಳ್ಳಾರಿ ಬಳಿಯ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲೇ ಸಿಕ್ಕಿದೆ. ಅದರ ವಯಸ್ಸು ಸುಮಾರು 3,400 ವರ್ಷ. ಮಳಖೇಡದಲ್ಲಿ ರಾಷ್ಟ್ರಕೂಟರು ರಾಜಧಾನಿ ಕಟ್ಟುವ ಹೊತ್ತಿಗೆ ತೊಗರಿ ಎರಡು ಸಾವಿರ ವರ್ಷದ ಹಳೆಯ ಬೆಳೆಯಾಗಿತ್ತು.

ಇದನ್ನು ಮೊದಲು ದೊಡ್ಡ ಪುಸ್ತಕಕ್ಕೆ ಏರಿಸಿದವರಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಪ್ರಮುಖ. ಅವನ ‘ಹೋರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ, 742 ಸಸ್ಯಗಳ ವಿವರದೊಂದಿಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರು ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ತೊಗರಿಯ ಚಿತ್ರ ಆರನೆಯ ಸಂಪುಟದಲ್ಲಿದೆ. ಕೊನೆಯ ಸಂಪುಟ ಬರುವ ಮುನ್ನವೇ, 1691ರಲ್ಲಿ, ರೀಡ್ ಸಮುದ್ರಯಾನದಲ್ಲಿ ತೀರಿಕೊಂಡ. ಆ ಚಿತ್ರಗಳನ್ನು ಸ್ವೀಡನ್ನಿನ ಲಿನೇಯಸ್ ಆಧಾರವಾಗಿಟ್ಟುಕೊಂಡ. 1753ರ ಅವನ ಗ್ರಂಥದಲ್ಲಿ ತೊಗರಿಯೂ ಸೇರಿ ಸುಮಾರು 5,900 ಸಸ್ಯಗಳಿವೆ. ಲೋಕದಲ್ಲಿರುವ ಸಸ್ಯಪ್ರಭೇದಗಳು ಹತ್ತು ಸಾವಿರ ದಾಟಲಾರವು ಎಂದು ಅವನ ಅಂದಾಜಿತ್ತು. ಇಂದಿನ ಎಣಿಕೆ ಮೂರೂವರೆ ಲಕ್ಷದ ಆಸುಪಾಸು.

ಒಂದೇ ಗಿಡದ ನೆಂಟಸ್ತನ ಹುಡುಕಲು ವರ್ಷಗಳನ್ನು ಕೊಟ್ಟವರೂ ಇದ್ದಾರೆ. ಡಚ್ ಸಸ್ಯಶಾಸ್ತ್ರಜ್ಞ ವಾನ್ ಡರ್ ಮೇಸೆನ್ 1980ರ ದಶಕದಲ್ಲಿ ತೊಗರಿಯ ಕುಲಕ್ಕೆ 32 ಪ್ರಭೇದಗಳು ಸೇರುತ್ತವೆಂದು ತೋರಿಸಿಕೊಟ್ಟರು. ಈ 32ರಲ್ಲಿ ಮನುಷ್ಯ ಬಿತ್ತಿ ಬೆಳೆಯುವುದು ಒಂದನ್ನು ಮಾತ್ರ. ಉಳಿದವು ಕಾಡು, ಗುಡ್ಡ, ಬೇಲಿಗಳ ಪಾಲು.

ಎಣಿಕೆಯ ಹುಚ್ಚಿನಲ್ಲಿ ಎಲ್ಲರನ್ನೂ ಮೀರಿಸಿದವರು ರಷ್ಯದ ನಿಕೊಲಾಯ್ ವವಿಲೋವ್. ಬೆಳೆಗಳ ತವರು ಹುಡುಕುತ್ತ ಐದು ಖಂಡ ಸುತ್ತಿದ ಅವರು ಭಾರತವನ್ನೂ ಒಂದು ತವರೆಂದು ಗುರುತಿಸಿದರು. ಅವರ ಸಂಸ್ಥೆಯ ಬೀಜಸಂಗ್ರಹ ಸುಮಾರು ಎರಡೂವರೆ ಲಕ್ಷ ಮಾದರಿಗಳಿಗೆ ಏರಿತು. ಸ್ಟಾಲಿನ್ ಆಡಳಿತ 1940ರಲ್ಲಿ ಅವರನ್ನು ಬಂಧಿಸಿತು. 1943ರ ಜನವರಿಯಲ್ಲಿ ಸರಾತೋವ್ ಜೈಲಿನಲ್ಲಿ ಅನ್ನವಿಲ್ಲದೆ ಸತ್ತರು. ಅತ್ತ ಆ ಸಂಸ್ಥೆಯಿದ್ದ ಲೆನಿನ್‌ಗ್ರಾಡ್ ನಗರವನ್ನು ಜರ್ಮನ್ ಸೈನ್ಯ 872 ದಿನ ಮುತ್ತಿತ್ತು. ಸಂಗ್ರಹ ಕಾಯುತ್ತಿದ್ದ ವಿಜ್ಞಾನಿಗಳಲ್ಲಿ ಹಲವರು ಹಸಿವಿನಿಂದ ಸತ್ತರೇ ಹೊರತು ಬೀಜದ ಚೀಲಕ್ಕೆ ಕೈ ಹಾಕಲಿಲ್ಲ.

ಬೀಜ ಕೂಡಿಡುವುದರ ಬೆಲೆ ನಮ್ಮ ರೈತರಿಗೆ ಗೊತ್ತಾದದ್ದು ನೆಟೆ ರೋಗದಿಂದ. ಹಸಿರಾಗಿ ನಿಂತ ಗಿಡ ಹೂ ಕಾಯಿಯ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ. ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆ. ಮಣ್ಣಿನಲ್ಲಿ ವರ್ಷಗಟ್ಟಲೆ ಅಡಗಿರುವ ಈ ರೋಗದ ಶಿಲೀಂಧ್ರವನ್ನು ಬಿಹಾರದ ಪೂಸಾದಲ್ಲಿದ್ದ ವಿಜ್ಞಾನಿ ಬಟ್ಲರ್ 1910ರಲ್ಲಿ ವಿವರಿಸಿದರು. ಮದ್ದು ಬಂದದ್ದು ಔಷಧದ ಡಬ್ಬಿಯಿಂದಲ್ಲ, ಬೀಜಸಂಗ್ರಹದಿಂದ. ಗುಂಡಗುರ್ತಿಯಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಈಗ ಅಲ್ಲಿ 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಅಂಥ ಸಂಗ್ರಹದಿಂದ ಆರಿಸಿದ, ನೆಟೆ ತಡೆಯುವ ತಳಿಯೊಂದು 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದ ರೈತರ ಕೈ ಸೇರಿತು. ಕೆಲವೇ ವರ್ಷಗಳಲ್ಲಿ ಈ ಸೀಮೆಯ ತೊಗರಿ ಹೊಲಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ಆವರಿಸಿತು. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ಬಂದವು. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಜಿಐ ಮಾನ್ಯತೆಯೂ ದೊರೆಯಿತು.

ಕೊನೆಯ ಲೆಕ್ಕ ಕಾಳಿನ ಒಳಗಿನದು. ಇಕ್ರಿಸ್ಯಾಟ್ ನೇತೃತ್ವದ ತಂಡ 2011ರಲ್ಲಿ ತೊಗರಿಯ ಜೀನೋಮ್ ಬಿಡಿಸಿದಾಗ ಅದರಲ್ಲಿ 48,680 ಜೀನ್‌ಗಳಿವೆ ಎಂದು ಅಂದಾಜಾಯಿತು. ಮನುಷ್ಯನಲ್ಲಿರುವುದು ಸುಮಾರು 20 ಸಾವಿರ. ತೂಕಕ್ಕೆ ಗ್ರಾಮಿನ ಹತ್ತನೇ ಒಂದು ಪಾಲು ಇರುವ ಕಾಳಿನಲ್ಲಿ, ಬಿತ್ತುವವನ ಮೈಯಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿದ ಜೀನ್‌ಗಳು!

ಆದರೆ 1,742 ಕೋಟಿ ಗಿಡ ಎಂಬ ಸಂಖ್ಯೆಗೆ ಹಿಗ್ಗುವ ಮುನ್ನ ಒಂದು ಮಾತು. ಅಷ್ಟು ಗಿಡಗಳೂ ಬೆರಳೆಣಿಕೆಯ ತಳಿಗಳದ್ದಾದರೆ, ಹೊಸ ರೋಗವೊಂದು ಬಂದಾಗ ಎಲ್ಲವೂ ಒಟ್ಟಿಗೆ ಬೀಳುತ್ತವೆ. 2022ರಲ್ಲಿ ನೆಟೆ ಮತ್ತೆ ಹಬ್ಬಿ ಜಿಲ್ಲೆಯ ಲಕ್ಷಾಂತರ ಎಕರೆ ತೊಗರಿ ಒಣಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಸಲ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಬದುವಿನ ಮೇಲೆ ಬೇರೆ ಬಣ್ಣದ ಹೂವಿನ, ಬೇರೆ ಕಾಳಿನ ಹಳೆಯ ತೊಗರಿ ಕಂಡರೆ ಕೀಳಬೇಡಿ. ಅದರ ಬೀಜ ಒಂದು ಹಿಡಿ ಮನೆಯಲ್ಲಿಡಿ, ಇನ್ನೊಂದು ಹಿಡಿ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ಕೊಡಿ.