ಕೆಳಗಿಳಿದ ಕಾರು, ಹೊಂದದ ಬೇರಿಂಗು

ಎತ್ತಿನ ಗಾಡಿಯ ಕಡಾಣಿ ಕಳಚಿದರೆ ಚಕ್ರವು ಹೊಲದ ಬದುವಿನವರೆಗೆ ಉರುಳಿಹೋಗುತ್ತಿತ್ತು, ಎತ್ತುಗಳು ನಿಂತುಬಿಡುತ್ತಿದ್ದವು, ಸಣ್ಣ ಗಾಯದೊಂದಿಗೆ ಪ್ರಸಂಗ ಮುಗಿಯುತ್ತಿತ್ತು. ಗಂಟೆಗೆ ನೂರು ಕಿಲೋಮೀಟರ್ ಓಡುವ ಮೋಟಾರಿನ ಸಂಗತಿ ಹಾಗಲ್ಲ. ಅಮೆರಿಕದಲ್ಲಿ ನೆಲಸಿರುವ ನಮ್ಮ ಬಂಧುವೊಬ್ಬನ ಕಾರುಕೊಟ್ಟಿಗೆಯಲ್ಲಿ ಕಳೆದ ಎರಡು ದಿನಗಳು ಈ ವ್ಯತ್ಯಾಸವನ್ನು ನಮಗೆ ಮನದಟ್ಟು ಮಾಡಿಕೊಟ್ಟವು.

ಆತನಲ್ಲಿ 1960ರ ದಶಕದ ಹಳೆಯ ಕಾರೊಂದಿದೆ. ಹಳೆಯ ಕಾರುಗಳನ್ನು ನೆಲಕ್ಕೆ ಸಮೀಪವಾಗಿ ಇಳಿಸುವುದು ಆ ದೇಶದಲ್ಲಿ ಬಹುಕಾಲದ ಹವ್ಯಾಸ. ಹಿಂದೆ ಸ್ಪ್ರಿಂಗನ್ನೇ ಒಂದೆರಡು ಸುತ್ತು ಕತ್ತರಿಸುತ್ತಿದ್ದರು. ಕಾರು ತಗ್ಗುತ್ತಿತ್ತು, ಸವಾರಿಯ ಸುಖವೂ ತಗ್ಗುತ್ತಿತ್ತು. ಅದಕ್ಕಿಂತ ಮೇಲಾದ ಉಪಾಯವೇ ತಗ್ಗಿಸಿದ ಸ್ಪಿಂಡಲ್. ಚಕ್ರವು ತಿರುಗುವ ಗೂಟವನ್ನು ಅದರ ಆಧಾರಸ್ತಂಭದಲ್ಲಿ ಎರಡು ಅಂಗುಲದಷ್ಟು ಮೇಲಕ್ಕೆ ಕೂರಿಸಿದರೆ, ಚಕ್ರ ಇದ್ದಲ್ಲಿಯೇ ಇದ್ದು ಕಾರಿನ ಮೈ ಅಷ್ಟೇ ಕೆಳಗೆ ಬರುತ್ತದೆ. ಸ್ಪ್ರಿಂಗಿನ ಎತ್ತರವಾಗಲಿ ತೋಳುಗಳ ಕೋನವಾಗಲಿ ಬದಲಾಗುವುದಿಲ್ಲ. ಜಾಣ್ಮೆಯ ಕೆಲಸವೆಂದು ಒಪ್ಪಲೇಬೇಕು.

ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ಸ್ಪಿಂಡಲನ್ನು ಒಬ್ಬರು ತಯಾರಿಸುತ್ತಾರೆ, ಬ್ರೇಕಿನ ರೋಟರನ್ನು ಇನ್ನೊಬ್ಬರು. ಇವೆರಡರ ನಡುವೆ ಕುಳಿತು ಸಂಧಾನ ನಡೆಸಬೇಕಾದುದು ಬೇರಿಂಗು. ಮೊನಚುರೂಪದ ಈ ರೋಲರ್ ಬೇರಿಂಗಿಗೆ ಸೇಂಟ್ ಲೂಯಿಸಿನ ಗಾಡಿ ತಯಾರಕ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದುದು ಕುದುರೆಗಾಡಿಯ ಚಕ್ರಕ್ಕಾಗಿ ಎಂಬುದು ಸ್ವಾರಸ್ಯದ ಸಂಗತಿ. ಇದರಲ್ಲಿ ಎರಡು ಭಾಗಗಳು: ರೋಲರುಗಳನ್ನು ಹೊತ್ತ ಒಳಬಳೆ ಸ್ಪಿಂಡಲಿನ ಮೇಲೆ ಕೂರುತ್ತದೆ, ಹೊರಬಳೆ ರೋಟರಿನ ಗುಂಬದೊಳಗೆ ಬಿಗಿಯಾಗಿ ಸೇರುತ್ತದೆ. ಒಂದೊಂದು ಮುಂಚಕ್ರಕ್ಕೂ ಇಂತಹ ಜೋಡಿಗಳು ಎರಡು. ಒಳಗಿನದು ದೊಡ್ಡದು, ಏಕೆಂದರೆ ಭಾರದ ಹೆಚ್ಚಿನ ಪಾಲು ಅದರ ಮೇಲೆ ಬೀಳುತ್ತದೆ.

ನಮ್ಮ ಬಂಧು ಹಳೆಯ ಡ್ರಮ್ ಬ್ರೇಕುಗಳನ್ನು ಕಳಚಿ, ಹೊಸ ಸ್ಪಿಂಡಲನ್ನು ಬಿಗಿದು, ರೋಟರನ್ನು ಏರಿಸಿದ್ದ. ಏರಿತು; ಆದರೆ ಕೈಯಿಂದ ಅಲುಗಿಸಿದರೆ ಲೊಡಲೊಡ ಎಂದಿತು. ವರ್ನಿಯರ್ ಹಿಡಿದು ಅಳೆದೆವು. ಸ್ಪಿಂಡಲಿನ ಒಳಭಾಗದ ವ್ಯಾಸ 31.75 ಮಿ.ಮೀ., ತುದಿಯ ಕಡೆ 19.05. ರೋಟರಿನೊಂದಿಗೆ ಬಂದ ಬೇರಿಂಗುಗಳ ರಂಧ್ರವಾದರೋ ಸುಮಾರು 35 ಮತ್ತು 22 ಮಿ.ಮೀ. ಅವುಗಳ ಮೇಲೆ ಕೊರೆದಿದ್ದ ಸಂಖ್ಯೆಗಳು ಎಲ್‌68149 ಹಾಗೂ ಎಲ್‌ಎಂ12749.

ತೆಳುವಾದ ಕೊಳವೆಯೊಂದನ್ನು ಲೇತಿನಲ್ಲಿ ಮಾಡಿಸಿ ನಡುವೆ ತುರುಕೋಣವೆಂದ ಬಂಧು. ಒಂದೂವರೆ ಮಿ.ಮೀ. ದಪ್ಪದ ಕೊಳವೆ! ಆ ವಾರವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅಲ್ಲಿಯ ಕನ್ನಡ ಕೂಟದ ಯುಗಾದಿಗೆ ಹೋಗುವ ಆತುರ ಅವನದು. ಅಂತಹ ಕೊಳವೆಗಳನ್ನು ಹಾಕಿ ಓಡಿಸುವವರು ಇಲ್ಲದಿಲ್ಲ. ನಾವು ಮಾತ್ರ ಒಪ್ಪಲಿಲ್ಲ. ಕೊಳವೆ ಕೂದಲೆಳೆಯಷ್ಟು ಓರೆಯಾದರೂ ಸಾಕು, ಬೇರಿಂಗು ಓರೆಯಾಗಿ ತಿರುಗಿ, ಕಾದು, ಕೊನೆಗೆ ಸ್ಪಿಂಡಲನ್ನೇ ಕೆರೆಯುತ್ತದೆ.

ಪರಿಹಾರ ಬೇರಿಂಗ್ ಪಟ್ಟಿಯ ಪುಟಗಳಲ್ಲಿಯೇ ಇತ್ತು. ಎಲ್‌68149ಕ್ಕೆ ಜೋಡಿಯಾದ ಎಲ್‌68110 ಹೊರಬಳೆಯ ಹೊರವ್ಯಾಸ 59.131 ಮಿ.ಮೀ. ಎಲ್‌ಎಂ67048 ಎಂಬ ಇನ್ನೊಂದು ಒಳಬಳೆಯ ರಂಧ್ರ ನಮಗೆ ಬೇಕಾದ 31.75, ಅದರ ಜೋಡಿ ಎಲ್‌ಎಂ67010ರ ಹೊರವ್ಯಾಸವೂ ಅದೇ 59.131! ತುದಿಯ ಬೇರಿಂಗಿನದೂ ಇದೇ ಕಥೆ: ಎಲ್‌ಎಂ12710 ಮತ್ತು ಎಲ್‌ಎಂ11910 ಎರಡೂ 45.237, ಎರಡನೆಯದರ ಒಡನಾಡಿ ಎಲ್‌ಎಂ11949ರ ರಂಧ್ರ 19.05. ಎಂದರೆ ರೋಟರನ್ನಾಗಲಿ ಸ್ಪಿಂಡಲನ್ನಾಗಲಿ ಮುಟ್ಟದೆ ಬೇರಿಂಗುಗಳನ್ನಷ್ಟೇ ಬದಲಿಸಿದರೆ ಸಾಕು. ಆದರೆ ಒಳಬಳೆಯನ್ನು ಮಾತ್ರ ಬದಲಿಸಿ ಹಳೆಯ ಹೊರಬಳೆಯನ್ನು ಉಳಿಸಿಕೊಳ್ಳುವಂತಿಲ್ಲ. ಜೋಡಿಯನ್ನು ಜೋಡಿಯಾಗಿಯೇ ತರಬೇಕು. ಎಲ್‌68111 ಎಂಬ ಹೊರಬಳೆಯೂ ಉಂಟು. ಅದರ ವ್ಯಾಸ ಸುಮಾರು 0.84 ಮಿ.ಮೀ. ಹೆಚ್ಚು. ಕೊನೆಯ ಒಂದಂಕಿಯನ್ನು ತಪ್ಪಾಗಿ ಓದಿ ಅದನ್ನು ಗುಂಬಕ್ಕೆ ಬಡಿದು ಕೂರಿಸಲು ಹೊರಟವನು ಗುಂಬವನ್ನೇ ಸೀಳಿಯಾನು.

ಗ್ರೀಸನ್ನು ತಡೆಯುವ ಸೀಲನ್ನು ಹಲವರು ಮರೆಯುತ್ತಾರೆ. ಅದರ ಹೊರಅಂಚು ಗುಂಬಕ್ಕೂ ಒಳತುಟಿ ಸ್ಪಿಂಡಲಿನ ಭುಜಕ್ಕೂ ಹೊಂದಬೇಕು. ಇಲ್ಲವಾದರೆ ಗ್ರೀಸು ಸೋರಿ ರೋಟರಿನ ಮೇಲೆ ಹರಡಿ, ಒತ್ತಿದ ಬ್ರೇಕು ಹಿಡಿಯದೆ ಹೋಗುತ್ತದೆ.

ರೋಟರಿನ ಅಳತೆಯೂ ಲಘುವಾಗಿ ಎಣಿಸುವಂಥದಲ್ಲ. 1974ರಿಂದ 1978ರ ಮಾದರಿಗಳವರೆಗೆ ಬಂದ ಫೋರ್ಡ್ ಮಸ್ಟಾಂಗ್ 2ರ ಮುಂಭಾಗವನ್ನು ಹಳೆಯ ಕಾರುಗಳಿಗೆ ಜೋಡಿಸುವವರು ಬಹಳ. ಅದರ ಮೂಲ ರೋಟರ್ ಒಂಬತ್ತು ಅಂಗುಲಕ್ಕಿಂತ ತುಸು ದೊಡ್ಡದು, ಬೋಲ್ಟು ನಾಲ್ಕೇ. ಆದಕಾರಣ ಗ್ರನಾಡಾ ಕಾರಿನ ಹನ್ನೊಂದು ಅಂಗುಲದ, ಐದು ಬೋಲ್ಟಿನ ರೋಟರನ್ನು ತೊಡಿಸುವುದುಂಟು. ಆಗ ಕಾಲಿಪರಿನ ಬ್ರಾಕೆಟ್ಟೂ ಬೇರೆಯದೇ ಬೇಕು. ಬೋಲ್ಟುಗಳ ವೃತ್ತ ಫೋರ್ಡಿನಲ್ಲಿ ಬಹುಮಟ್ಟಿಗೆ ನಾಲ್ಕೂವರೆ ಅಂಗುಲವಾದರೆ ಷೆವ್ರೊಲೆ ಕಾರುಗಳಲ್ಲಿ ನಾಲ್ಕೂಮುಕ್ಕಾಲು. ಚಕ್ರ ಕೊಳ್ಳುವ ಮುನ್ನ ಅಳೆಯಲೇಬೇಕು. ತಗ್ಗಿಸಿದ ಸ್ಪಿಂಡಲಿನಲ್ಲಿ ಸ್ಟೀರಿಂಗಿನ ತೋಳು ರಿಮ್ಮಿಗೆ ಸಮೀಪಿಸುವುದರಿಂದ ಹದಿನಾಲ್ಕು ಅಂಗುಲದ ಚಕ್ರ ಅನೇಕ ವೇಳೆ ತಾಗುತ್ತದೆ, ಹದಿನೈದರದು ಬೇಕಾಗುತ್ತದೆ. 1967ಕ್ಕೆ ಹಿಂದಿನ ಬಹುಪಾಲು ಅಮೆರಿಕನ್ ಕಾರುಗಳ ಮಾಸ್ಟರ್ ಸಿಲಿಂಡರಿಗೆ ಒಂದೇ ಕೋಣೆ. ಬ್ರೇಕು ಬದಲಿಸುವವರು ಅದನ್ನೂ ಎರಡು ಕೋಣೆಯದಕ್ಕೆ ಬದಲಿಸುವುದು ಲೇಸು.

ಮರುದಿನ ಹೊಸ ಬೇರಿಂಗುಗಳು ಬಂದವು. ಹಿತ್ತಾಳೆಯ ಸರಳಿನಿಂದ ಹಳೆಯ ಹೊರಬಳೆಗಳನ್ನು ಹೊರದೂಡಿ ಹೊಸವನ್ನು ಕೂರಿಸಿದೆವು. ರೋಟರನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಮತ್ತೆ ಸಡಿಲಿಸಿ, ಅಂಗುಲದ ಸಾವಿರದ ಒಂದರಿಂದ ಐದು ಪಾಲಿನಷ್ಟು ಆಟವನ್ನು ಉಳಿಸಿ ಪಿನ್ನು ಮಡಿಸಿದೆವು. ಎಂಟು ಮೈಲಿ ಓಡಿಸಿ ಬಂದು ಗುಂಬದ ಮೇಲೆ ಅಂಗೈಯಿಟ್ಟಾಗ ಹಗುರಾದ ಬಿಸಿಯಷ್ಟೇ ಇತ್ತು. ಯುಗಾದಿಯಂದು ಮಕ್ಕಳಿಬ್ಬರೂ ಹಿಂದಿನ ಆಸನವೇರಿದರು. ಬಂಧು ಹೊರಡುವ ಮೊದಲು ಮತ್ತೊಮ್ಮೆ ಚಕ್ರವನ್ನೆತ್ತಿ ಅಲುಗಿಸಿ ನೋಡಿದ.