ಮರಳಿ ಚಿಗುರುವ ನಗರ

ನಗರಗಳಿಗೂ ಏಳುಬೀಳುಗಳುಂಟು. ಜನರಿಂದ ತುಂಬಿ ತುಳುಕುತ್ತಿದ್ದ ಪಟ್ಟಣ ಬರಿದಾಗುವುದನ್ನೂ ಬರಿದಾದ ಪಟ್ಟಣ ಮತ್ತೆ ಚೇತರಿಸಿಕೊಳ್ಳುವುದನ್ನೂ ಚರಿತ್ರೆಯಲ್ಲಿ ಕಾಣುತ್ತೇವೆ. ಆದರೆ ಆ ಚೇತರಿಕೆಯ ಫಲ ಯಾರಿಗೆ ಸಲ್ಲಬೇಕು? ಅಮೆರಿಕ ಸಂಯುಕ್ತ ಸಂಸ್ಥಾನದ ಡೆಟ್ರಾಯಿಟ್ ನಗರದ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಡೆಟ್ರಾಯಿಟ್ ಮಿಷಿಗನ್ ರಾಜ್ಯದಲ್ಲಿ, ಅದೇ ಹೆಸರಿನ ನದಿಯ ದಡದಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಮೋಟಾರು ವಾಹನಗಳ ತವರಾಯಿತು. 1914ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಮಿಕರಿಗೆ ದಿನಕ್ಕೆ ಐದು ಡಾಲರ್ ಕೂಲಿಯನ್ನು ಘೋಷಿಸಿದನು. ಕೆಲಸವನ್ನರಸಿ ನಾನಾ ಕಡೆಗಳಿಂದ ಜನ ಬಂದರು. ದಕ್ಷಿಣದ ರಾಜ್ಯಗಳ ಬಡತನ, ವರ್ಣಭೇದಗಳಿಂದ ಬೇಸತ್ತ ಕಪ್ಪು ಜನರೂ ಸಾವಿರಾರು ಸಂಖ್ಯೆಯಲ್ಲಿ ಬಂದು ನೆಲೆಸಿದರು. 1950ರ ಜನಗಣತಿಯಂತೆ ನಗರದ ಜನಸಂಖ್ಯೆ 18,49,568.

ಅಲ್ಲಿಂದ ಮುಂದೆ ಇಳಿಗಾಲ ಮೊದಲಾಯಿತು. ಕಾರ್ಖಾನೆಗಳು ಹೊರವಲಯಗಳಿಗೂ ಬೇರೆ ರಾಜ್ಯಗಳಿಗೂ ತೆರಳಿದವು. ಹೆದ್ದಾರಿಗಳು ಬಂದ ಮೇಲೆ ಅನುಕೂಲಸ್ಥರಾದ ಬಿಳಿಯರು ಉಪನಗರಗಳಲ್ಲಿ ಮನೆ ಮಾಡಿದರು; ಕಪ್ಪು ಜನರಿಗಾದರೋ ಅಲ್ಲಿ ಮನೆಯೂ ದೊರೆಯುತ್ತಿರಲಿಲ್ಲ, ಗೃಹಸಾಲವೂ ದೊರೆಯುತ್ತಿರಲಿಲ್ಲ. ಅವರದೇ ಆಗಿದ್ದ ಬ್ಲ್ಯಾಕ್ ಬಾಟಮ್ ಎಂಬ ಹಳೆಯ ಕೇರಿಯನ್ನು ಹೊಸ ವಸತಿಗಾಗಿಯೂ ಹೆದ್ದಾರಿಗಾಗಿಯೂ ಕೆಡವಲಾಯಿತು. 1967ರ ಗಲಭೆಯಲ್ಲಿ 43 ಮಂದಿ ಮಡಿದರು; ವಲಸೆ ಇನ್ನೂ ಹೆಚ್ಚಿತು. 1950ರಲ್ಲಿ ನೂರಕ್ಕೆ ಸುಮಾರು 16ರಷ್ಟಿದ್ದ ಕಪ್ಪು ಜನರ ಪ್ರಮಾಣ 2010ರ ವೇಳೆಗೆ 80ನ್ನು ಮೀರಿತ್ತು. ಮನೆಗಳ ಬೆಲೆ ಕುಸಿದ ಮೇಲೂ ತೆರಿಗೆಯ ಅಂದಾಜು ಅದಕ್ಕೆ ತಕ್ಕಂತೆ ತಗ್ಗಲಿಲ್ಲ. ತೆರಿಗೆ ಕಟ್ಟಲಾರದೆ ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು. 2013ರಲ್ಲಿ ನಗರಾಡಳಿತವೇ ದಿವಾಳಿಯಾಯಿತು. 2020ರ ಜನಗಣತಿಯಲ್ಲಿ ಉಳಿದವರು 6,39,111 ಮಂದಿ ಮಾತ್ರ.

ಇಂಥ ನಗರದಲ್ಲಿಯೂ ಹೊಸ ಚಿಗುರು ಕಾಣಿಸಿತು. ನಿವೇಶನಗಳು ಅಗ್ಗವಾಗಿದ್ದುದರಿಂದ ಬಂಡವಾಳಗಾರರು ನಗರದ ನಡುಭಾಗದ ಪಾಳುಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಿಸಿದರು. 1988ರಲ್ಲಿ ಮುಚ್ಚಿದ್ದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣವನ್ನು ಫೋರ್ಡ್ ಕಂಪನಿ 2018ರಲ್ಲಿ ಕೊಂಡು ನವೀಕರಿಸಿತು. 2024ರಲ್ಲಿ ಅದು ಮತ್ತೆ ತೆರೆಯಿತು. ವಿದ್ಯಾವಂತರೂ ಉತ್ತಮ ಸಂಬಳದವರೂ ಆದ ಯುವಕರು, ಅವರಲ್ಲಿ ಬಿಳಿಯರು ಅನೇಕರು, ಬಂದು ನೆಲೆಸತೊಡಗಿದರು.

ಉಳ್ಳವರು ಬಂದು ಸೇರಿ ಬಡಬಡಾವಣೆಯ ಸ್ವರೂಪವೇ ಬದಲಾಗುವ ಈ ಕ್ರಿಯೆಗೆ ಜೆಂಟ್ರಿಫಿಕೇಷನ್ ಎಂದು ಹೆಸರು. ಲಂಡನ್ನಿನ ಬಡಾವಣೆಗಳನ್ನು ಕುರಿತು ಬರೆಯುತ್ತ, 1964ರಲ್ಲಿ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಈ ಪದವನ್ನು ಬಳಕೆಗೆ ತಂದರು. ಇಲ್ಲಿ ಯಾರೂ ಯಾರನ್ನೂ ಬಲಾತ್ಕಾರದಿಂದ ಹೊರದೂಡಬೇಕಾಗಿಲ್ಲ. ಬೇಡಿಕೆ ಹೆಚ್ಚಿದಂತೆ ಬಾಡಿಗೆ ಏರುತ್ತದೆ. ಹಳೆಯ ಅಂಗಡಿಗಳು ಮುಚ್ಚಿ ದುಬಾರಿ ಮಳಿಗೆಗಳು ತೆರೆಯುತ್ತವೆ. ಬಡವರು ತಾವಾಗಿಯೇ ಹೊರಡಬೇಕಾಗುತ್ತದೆ. ಡೆಟ್ರಾಯಿಟ್‌ನ ಗ್ರಿಸ್‌ವೋಲ್ಡ್ ಎಂಬ ಕಟ್ಟಡದಲ್ಲಿ ಅಲ್ಪ ವರಮಾನದ ವೃದ್ಧರು ಸರಕಾರದ ನೆರವಿನಿಂದ ವಾಸವಾಗಿದ್ದರು. 2013ರಲ್ಲಿ ಅವರಿಗೆ ಮನೆ ಬಿಡುವಂತೆ ತಿಳಿವಳಿಕೆ ಪತ್ರ ಬಂದಿತು. ಆಮೇಲೆ ಆ ಕಟ್ಟಡ ನವೀಕರಣಗೊಂಡು, ಬೇರೆ ಹೆಸರು ತಳೆದು, ಹೆಚ್ಚು ಬಾಡಿಗೆಯ ವಸತಿಯಾಯಿತು.

ಹಾಗಾದರೆ ಹೊಸಬರು ಬರಲೇಬಾರದೆ? ಹಾಗೆನ್ನುವುದೂ ಸರಿಯಲ್ಲ. ಜನರಿಲ್ಲದ ನಗರಕ್ಕೆ ತೆರಿಗೆಯ ಉತ್ಪನ್ನವಿಲ್ಲ. ತೆರಿಗೆಯಿಲ್ಲದೆ ಬೀದಿದೀಪ ಉರಿಯದು, ಬಸ್ಸು ಓಡದು. ನಗರದ ಬಹುಭಾಗದ ಬಡಾವಣೆಗಳನ್ನು ಬಹುಕಾಲ ಬಾಧಿಸಿದ್ದು ಹೊಸಬರ ದಟ್ಟಣೆಯಲ್ಲ, ಪಾಳುಮನೆಗಳ ಸಾಲು. ಆದುದರಿಂದ ಏಳಿಗೆಯನ್ನು ತಡೆಯದೆ ಹಂಚಿಕೊಳ್ಳುವ ಮಾರ್ಗವನ್ನು ಅಲ್ಲಿನ ಜನ ಹುಡುಕಿದರು. ದೊಡ್ಡ ಯೋಜನೆಗಳಿಂದ ನೆರೆಹೊರೆಗೆ ಆಗುವ ಪ್ರಯೋಜನವನ್ನು ನಿವಾಸಿಗಳೊಡನೆ ಚರ್ಚಿಸಬೇಕೆಂಬ ನಿಯಮಕ್ಕೆ 2016ರಲ್ಲಿ ಮತದಾರರು ಒಪ್ಪಿಗೆ ನೀಡಿದರು. ನಗರಾಡಳಿತದ ನೆರವು ಪಡೆದು ಕಟ್ಟುವ ವಸತಿಗಳಲ್ಲಿ ನೂರಕ್ಕೆ 20 ಭಾಗವನ್ನು ಕಡಿಮೆ ವರಮಾನದವರಿಗೆ ಮೀಸಲಿಡಬೇಕೆಂದು 2017ರಲ್ಲಿ ವಿಧಿಸಲಾಯಿತು. ಇವು ಎಲ್ಲ ಕಷ್ಟವನ್ನೂ ನೀಗಿಸಲಾರವು. ಆದರೂ ಸರಿಯಾದ ದಿಕ್ಕಿನ ಹೆಜ್ಜೆಗಳು.

ಎಲ್ಲರೂ ಬಿಟ್ಟುಹೋದಾಗ ಬೀದಿಯನ್ನು ಗುಡಿಸಿ, ನೆರೆಯವರನ್ನು ಸಂತೈಸಿ, ನಗರವನ್ನು ಜೀವಂತವಾಗಿ ಉಳಿಸಿದವರು ಅಲ್ಲಿಯೇ ನಿಂತ ಬಡಜನರು. ಕಟ್ಟಡಗಳು ಹೊಳೆದ ಮಾತ್ರಕ್ಕೆ ನಗರ ಬದುಕಿತೆನ್ನಲಾಗದು. ಬರಗಾಲದಲ್ಲಿ ಗಿಡಕ್ಕೆ ನೀರೆರೆದವರಿಗೆ ಅದರ ನೆರಳಿನಲ್ಲಿ ಕುಳಿತುಕೊಳ್ಳುವ ಹಕ್ಕು ದೊರೆತಾಗಲೇ ಅದು ನಿಜವಾದ ಏಳಿಗೆ.