ಕಾಡು ಕೊಟ್ಟ ಆಶ್ರಯ, ಕಾಗದ ಕೊಟ್ಟ ನೆಲೆ

ಶರಣು ಬಂದ ಪಾರಿವಾಳವನ್ನು ಉಳಿಸಲು ಶಿಬಿ ಚಕ್ರವರ್ತಿ ತನ್ನ ಮೈಯ ಮಾಂಸವನ್ನೇ ಕೊಯ್ದು ತಕ್ಕಡಿಗಿಟ್ಟ ಕಥೆಯನ್ನು ಕೇಳದ ಮಕ್ಕಳು ನಮ್ಮ ಮನೆಗಳಲ್ಲಿ ಇರಲಾರರು. ಆ ಕಥೆಯಲ್ಲಿ ಆಶ್ರಯಕ್ಕೆ ಬೇಕಾದುದು ದಯಾಳುವಾದ ಒಬ್ಬ ದೊರೆ ಮಾತ್ರ. ಇಂದು ಅಷ್ಟರಿಂದ ಸಾಲದು. ಅರ್ಜಿ ಬೇಕು, ಸಾಕ್ಷಿ ಬೇಕು, ಮೊಹರು ಬೇಕು. ಆದುದರಿಂದಲೇ ಲೋಕದ ನಾನಾ ದೇಶಗಳಲ್ಲಿ, ಪ್ರಾಣಭಯದಿಂದ ತಾಯ್ನಾಡನ್ನು ತೊರೆದು ಬಂದವರಿಗಾಗಿ ಅರ್ಜಿ ಬರೆದುಕೊಡುವ, ಕಚೇರಿಗಳಿಗೆ ಅವರ ಜೊತೆಯಲ್ಲಿ ಹೋಗುವ ಕೆಲಸವನ್ನು ದೈವಶ್ರದ್ಧೆಯುಳ್ಳ ಸ್ವಯಂಸೇವಕರು ಕೈಗೊಂಡಿದ್ದಾರೆ. ಇಂಥದೇ ಸೇವೆಯ ಒಂದು ಬಗೆ ನಮ್ಮ ಉತ್ತರ ಕನ್ನಡದ ಕಾಡುಗಳಲ್ಲಿಯೂ ನಡೆದಿದೆಯೆಂಬುದನ್ನು ಬಲ್ಲವರು ವಿರಳ.

ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ, ಶಿರಸಿ ತಾಲ್ಲೂಕುಗಳ ಅಡವಿಯ ಅಂಚಿನಲ್ಲಿ ಸಿದ್ದಿಗಳ ಕೇರಿಗಳುಂಟು. ಇವರ ಪೂರ್ವಿಕರು ಆಫ್ರಿಕದವರು. ಪೋರ್ಚುಗೀಸರು ಪೂರ್ವ ಆಫ್ರಿಕದ ಕರಾವಳಿಯಿಂದ ಹಡಗುಗಳಲ್ಲಿ ಗೋವೆಗೆ ತಂದು ಮಾರಿದ ಗುಲಾಮರಲ್ಲಿ ಅನೇಕರು ಒಡೆಯರ ಕೈತಪ್ಪಿಸಿಕೊಂಡು ಘಟ್ಟವೇರಿ ಈ ಕಾಡುಗಳನ್ನು ಹೊಕ್ಕರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಗುಲಾಮಗಿರಿ ಶಾಸನಬದ್ಧವಾಗಿ ರದ್ದಾದುದು 1869ರಲ್ಲಿ. ಅದಕ್ಕೂ ಮೊದಲು ಓಡಿಬಂದವನಿಗೆ ಬದುಕುವ ಉಪಾಯ ಒಂದೇ: ಹೆಜ್ಜೆಯ ಗುರುತನ್ನು ಉಳಿಸದಿರುವುದು. ಕಾಡು ಅವನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ನೆರಳು ಕೊಟ್ಟಿತು.

ಆದರೆ ಕಾಡಿಗೂ ಒಡೆಯನೊಬ್ಬ ಬಂದ. 1878ರ ಅರಣ್ಯ ಶಾಸನದ ತರುವಾಯ ಅಡವಿಗಳು ಸರಕಾರದ ಕಾಯ್ದಿಟ್ಟ ಸ್ವತ್ತಾಗತೊಡಗಿದವು. ಸಿದ್ದಿಯು ಕಡಿದು ಹಸನು ಮಾಡಿದ ತುಂಡು ಗದ್ದೆಗೆ ‘ಅತಿಕ್ರಮಣ’ವೆಂಬ ಹೆಸರು ಬಂದಿತು. ಅಡಗಿ ಬಾಳಿದವರ ಮೊಮ್ಮಕ್ಕಳನ್ನು ಕಾನೂನು ಕೇಳಿದ ಪ್ರಶ್ನೆ ಎಂಥದು? “ನಿಮ್ಮ ಹಿರಿಯರು ಇಲ್ಲಿದ್ದುದಕ್ಕೆ ದಾಖಲೆ ಎಲ್ಲಿ?”

ನೆರೆಯಲ್ಲಿಯೇ ಇನ್ನೊಂದು ಆಶ್ರಯದ ಕಥೆಯುಂಟು. ಯಲ್ಲಾಪುರ, ಶಿರಸಿಗಳಿಗೆ ಹೊಂದಿಕೊಂಡ ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಏರ್ಪಟ್ಟಿತು. ನಿರಾಶ್ರಿತರನ್ನು ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲವಾದರೂ ಅವರನ್ನು ಸರಕಾರವೇ ಕರೆದು ನೆಲ ಕೊಟ್ಟಿತು, ನೋಂದಣಿ ಪತ್ರ ಕೊಟ್ಟಿತು. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಪ್ರಜೆಗಳೆಂಬ ವಾದವನ್ನು ಕರ್ನಾಟಕದ ಉಚ್ಚ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿದಾಗ, ಅರ್ಜಿದಾರರಾಗಿ ನಿಂತವರು ಒಬ್ಬ ಬೌದ್ಧ ಗುರುಗಳು. ಸಿದ್ದಿಗಳಿಗಾದರೋ ಅಂಥ ಸ್ವಾಗತವೂ ಇರಲಿಲ್ಲ, ಪತ್ರವೂ ಇರಲಿಲ್ಲ.

ಅವರ ಪಾಲಿಗೆ ಬಾಗಿಲು ತೆರೆದದ್ದು 2003ರಲ್ಲಿ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು ಆ ವರ್ಷ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು; ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳು 2020ರಲ್ಲಿ ಸೇರಿದರು. ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು, ಮುಸಲ್ಮಾನರು ಮೂವರೂ ಉಂಟು. ಪರಿಶಿಷ್ಟ ಜಾತಿಯ ವಿಷಯದಲ್ಲಿ ಮತವನ್ನು ಕೇಳುವ ಕಾನೂನು ಪಂಗಡದ ವಿಷಯದಲ್ಲಿ ಅದನ್ನು ಕೇಳುವುದಿಲ್ಲ. ಆದುದರಿಂದ ಗುಡಿಗೆ ಹೋಗುವವನಿಗೂ, ಇಗರ್ಜಿಗೆ ಹೋಗುವವನಿಗೂ, ಮಸೀದಿಗೆ ಹೋಗುವವನಿಗೂ ದೊರೆತುದು ಒಂದೇ ಪ್ರಮಾಣಪತ್ರ.

ಅದರ ಬೆಲೆ ತಿಳಿದುದು 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ನೆಲದಲ್ಲಿದ್ದರೆ ಪರಿಶಿಷ್ಟ ಪಂಗಡದವರಿಗೆ ಸಾಕು. ಉಳಿದ ಅರಣ್ಯವಾಸಿಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಶಿರಸಿ, ಸಿದ್ದಾಪುರಗಳ ಇತರ ಅರಣ್ಯವಾಸಿ ರೈತರಿಗೆ ಕಷ್ಟವಾಗಿರುವುದು ಈ ನಿಯಮವೇ.

ಸ್ವಯಂಸೇವಕನ ಕೆಲಸ ಇಲ್ಲಿಂದ ಮೊದಲಾಗುತ್ತದೆ. ಮುಂಡಗೋಡಿನಲ್ಲಿ ಯೇಸುಸಭೆಯ ಪಾದ್ರಿಗಳ ಲೊಯೋಲ ವಿಕಾಸ ಕೇಂದ್ರ ಸಿದ್ದಿಗಳ ನಡುವೆ ದುಡಿದಿದೆ. ವನವಾಸಿ ಕಲ್ಯಾಣದ ಕಾರ್ಯಕರ್ತರೂ ದುಡಿದಿದ್ದಾರೆ. ಅವರಲ್ಲೊಬ್ಬರಾದ, ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಸಿದ್ದಿ ಸಮುದಾಯದಿಂದ ನಮ್ಮ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರೆನಿಸಿದರು.

ನೆಲದ ಹಕ್ಕಿನ ಅರ್ಜಿ ಮೊದಲು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ಹೋಗಬೇಕು. ಅಲ್ಲಿಂದ ಉಪವಿಭಾಗ ಸಮಿತಿಗೆ, ಕಡೆಗೆ ಜಿಲ್ಲಾ ಸಮಿತಿಗೆ. ಜೊತೆಗೆ ಕನಿಷ್ಠ ಎರಡು ಸಾಕ್ಷ್ಯಗಳಿರಬೇಕು. ಕಾಗದವಿಲ್ಲದವನು ಕೈಚೆಲ್ಲಬೇಕಾಗಿಲ್ಲ: ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದು ಸಾಕ್ಷ್ಯ, ವಂಶಾವಳಿ ಸಾಕ್ಷ್ಯ, ಹಳೆಯ ಬಾವಿ, ಗದ್ದೆಯ ಬದು, ಸಮಾಧಿಯ ಸ್ಥಳಗಳೂ ಸಾಕ್ಷ್ಯ. ಆದರೆ ಇದನ್ನು ಹೇಳಿಕೊಡುವವರು ಬೇಕು, ಅಜ್ಜಿಯ ಮುಂದೆ ತಾಳ್ಮೆಯಿಂದ ಕುಳಿತು ಬರೆದುಕೊಳ್ಳುವವರು ಬೇಕು. ಅರ್ಜಿ ತಿರಸ್ಕೃತವಾದರೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಿಚಾರಣೆ ಮುಗಿಯುವ ತನಕ ಅರ್ಜಿದಾರನನ್ನು ಒಕ್ಕಲೆಬ್ಬಿಸುವಂತಿಲ್ಲ. ಇದನ್ನರಿಯದ ಬಡವನು ಒಂದು ನೋಟೀಸಿಗೆ ಹೆದರಿ ಗಂಟುಮೂಟೆ ಕಟ್ಟಿದರೆ ಆಶ್ಚರ್ಯವೇನು? ಹಕ್ಕುಪತ್ರ ದೊರೆತ ಮೇಲೆ ಆ ಭಯವಿಲ್ಲ. ಅದು ಪತಿಪತ್ನಿಯರಿಬ್ಬರ ಹೆಸರಿನಲ್ಲಿರುತ್ತದೆ. ಮಕ್ಕಳಿಗೆ ಬರುತ್ತದೆ, ಮಾರಲು ಬರುವುದಿಲ್ಲ.

ಧರ್ಮದ ಹೆಸರಿನಲ್ಲಿ ನೆರವಾಗುವವರನ್ನು ಜನ ಸಂಶಯದಿಂದ ನೋಡುವುದೂ ಉಂಟು. ಇಂದು ಅರ್ಜಿ ಬರೆದುಕೊಟ್ಟವನು ನಾಳೆ ದೇವರನ್ನು ಬದಲಾಯಿಸೆಂದಾನೋ, ಓಟು ಕೇಳಿಯಾನೋ ಎಂಬ ಅಂಜಿಕೆ ಸಹಜವೇ. ಅದಕ್ಕೆ ಉತ್ತರ ಸಿದ್ದಿಗಳ ಬಾಳಿನಲ್ಲಿಯೇ ಇದೆ. ಮೂರು ಮತಗಳಲ್ಲಿ ಹಂಚಿಹೋದರೂ ಅವರು ಒಂದೇ ಜನವಾಗಿ ಉಳಿದಿದ್ದಾರೆ. ‘ಹಿರಿಯಾರು’ ಎಂದು ಪೂರ್ವಿಕರನ್ನು ನೆನೆಯುತ್ತಾರೆ, ಢಮಾಮಿಯ ನಾದಕ್ಕೆ ಹೆಜ್ಜೆ ಹಾಕುತ್ತಾರೆ. ಹಕ್ಕು ಕೊಡುವಾಗ ಕಾನೂನು ಅವರ ದೇವರ ಹೆಸರನ್ನು ಕೇಳಲಿಲ್ಲ. ಅರ್ಜಿ ಬರೆಯುವ ಕೈಯೂ ಕೇಳಬಾರದು. ಸೇವೆ ಮಾಡುವವನಿಗೆ ಶ್ರದ್ಧೆ ಪ್ರೇರಣೆಯಾಗಿರಲಿ, ಸೇವೆ ಪಡೆಯುವವನಿಗೆ ಅದು ಸುಂಕವಾಗದಿರಲಿ.